ಹೂಂ ಎಂದು ಬಿಟ್ಟ ಸಾಲು

ತಮ್ಮನ ಕಂಪ್ಯೂಟರಿನ ಮುಂದೆ ಕೂತರೆ ನನ್ನ ಕೆಲಸ ಹೂಂ ಎನ್ನುವುದು. ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಕೆಳಗಿನಿಂದ ಮೇಲಕ್ಕೆ ಹತ್ತುತ್ತಾ ಹೋಗುತ್ತವೆ. ಬಿಳಿ ಸಾಲು ಬಂದರೆ ಹೂಂ. ಮತ್ತೊಂದು ಬಿಳಿ ಸಾಲು ಬಂದರೆ ಮತ್ತೆ ಹೂಂ. ಕೆಂಪು ಅಥವಾ ನೇರಳೆ ಬಣ್ಣ ಕಂಡರೆ ಮಾತ್ರ ಹೂಂ ಎನ್ನಬಾರದು. ‘ನಿಲ್ಸು’ ಎನ್ನಬೇಕು. ಅವನು ಒಂದು ಕೀಲಿ ಒತ್ತಿ ನಿಲ್ಲಿಸುತ್ತಾನೆ. ಆಮೇಲೆ ನಾನು ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಹೇಳಬೇಕು. ಪದವಾಗಿ ಓದಲು ನನಗೆ ಬರುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಡಬ್ಲ್ಯು, ಎ, ಆರ್ ಎಂದು ನಾನು ಬಿಡಿಸಿ ಹೇಳಿದರೆ ಅವನು ಕೂಡಿಸಿಕೊಳ್ಳುತ್ತಾನೆ.

ಚಿಕ್ಕವರಿದ್ದಾಗ ಅಜ್ಜಿಯ ಕತೆಗೆ ಹೂಂಗುಡುತ್ತಿದ್ದವನು ಅವನು. ಅವನ ಹೂಂ ನಿಂತರೆ ಅಜ್ಜಿಯೂ ನಿಲ್ಲಿಸುತ್ತಿದ್ದಳು. ನಾನು ಅಷ್ಟು ಹೊತ್ತಿಗೆ ಎದ್ದು ಅಂಗಳಕ್ಕೆ ಹೋಗಿರುತ್ತಿದ್ದೆ. ಒಂದು ಕಡೆ ಕೂರುವುದು ನನ್ನ ಮೈಗೆ ಬಂದದ್ದಲ್ಲ. ‘ಇವಳ ಕಾಲಲ್ಲಿ ಏನೈತೋ’ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಶಾಲೆ ಬಿಟ್ಟದ್ದಕ್ಕೂ ಅದೇ ಕಾರಣ. ತಮ್ಮನನ್ನು ನೋಡಿಕೊಳ್ಳಲು ಅಕ್ಕ ಓದು ಬಿಟ್ಟಳು ಎಂದು ನೆಂಟರು ಹೇಳುತ್ತಾರೆ. ನಾನು ಅದನ್ನು ತಿದ್ದದೆ ಬಿಟ್ಟಿದ್ದೇನೆ. ಅದೂ ಒಂದು ಸುಳ್ಳೇ.

ತಮ್ಮನಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಹಾಸನದಲ್ಲಿ ಓದಿದ, ಡಿಗ್ರಿ ಮಾಡಿದ, ಕಂಪ್ಯೂಟರ್ ಕಲಿತ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ದನಿಯೊಂದು ಅವನ ಕಂಪ್ಯೂಟರಿನಲ್ಲಿದೆ. ಮೊದಮೊದಲು ಆ ದನಿ ಕನ್ನಡವನ್ನು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡಂತೆ ಓದುತ್ತಿತ್ತು. ತಮ್ಮ ಅದನ್ನು ಬಿಚ್ಚಿ, ತಿದ್ದಿ, ನಮ್ಮ ಕಡೆಯವರಿಗೆ ಅರ್ಥವಾಗುವ ಹಾಗೆ ಮಾಡಿದ. ಆಮೇಲೆ ಅದನ್ನು ಪೊಟ್ಟಣ ಕಟ್ಟಿ ಬೇರೆ ಕುರುಡರಿಗೂ ಕೊಡಲು ಶುರು ಮಾಡಿದ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಎಂದು ನಾವಿಬ್ಬರೂ ಬಸ್ಸಿನಲ್ಲಿ ತಿರುಗಿದೆವು. ಪೆನ್ ಡ್ರೈವ್ ಅವನ ಅಂಗಿ ಜೇಬಿನಲ್ಲಿ, ಅವನ ಕೈ ನನ್ನ ಭುಜದ ಮೇಲೆ. ತಿರುಗುವುದು ನನಗೆ ಇಷ್ಟ. ಕೂರುವುದು ಕಷ್ಟ.

ಪೊಟ್ಟಣ ಕಟ್ಟುವುದೆಂದರೆ ಏನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ತಮ್ಮ ಬರೆಯುವುದು ಮನುಷ್ಯರು ಓದಬಹುದಾದ ಮಾತು. ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಅದನ್ನು ಯಂತ್ರದ ಸ್ವಂತ ಮಾತಿಗೆ ಇಳಿಸಬೇಕು. ಅದಕ್ಕೆ ಕಂಪೈಲ್ ಎನ್ನುತ್ತಾರೆ. ಹಾಗೆ ಇಳಿಸಿ ಕಟ್ಟಿದ ಗಂಟಿಗೆ ಲೈಬ್ರರಿ ಎಂದು ಹೆಸರು. ಅದರಲ್ಲಿ ಪುಸ್ತಕವಿಲ್ಲ, ಇರುವುದು ದನಿ. ಒಂದು ಯಂತ್ರಕ್ಕೆ ಇಳಿಸಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಹೊಸ ಕಂಪ್ಯೂಟರಿಗೆ ಒಂದು, ಹಳೆಯದಕ್ಕೆ ಇನ್ನೊಂದು. ನಾನು ಬ್ಲೌಸ್ ಹೊಲಿಯುವವಳು, ಆದ್ದರಿಂದ ಇದು ಬೇಗ ಅರ್ಥವಾಯಿತು. ಬಟ್ಟೆ ಒಂದೇ ಆದರೂ ಮೈ ನೋಡಿ ಕತ್ತರಿಸಬೇಕು.

ಆದರೆ ನನ್ನ ಗಿರಾಕಿ ಬಂದು ಹಾಕಿ ನೋಡುತ್ತಾಳೆ. ತಮ್ಮನ ಹತ್ತಿರ ಹಳೆಯ ಯಂತ್ರ ಇರಲಿಲ್ಲ. ತನ್ನ ಹೊಸದರಲ್ಲೇ ಕೂತು ಹಳೆಯದರ ಅಳತೆಗೆ ಕತ್ತರಿಸುತ್ತಿದ್ದ. ಸರಿ ಹೋಯಿತೋ ಇಲ್ಲವೋ ಎನ್ನುವುದಕ್ಕೆ ಆ ಹರಿಯುವ ಸಾಲುಗಳಷ್ಟೇ ಸಾಕ್ಷಿ. ಕಂಪೈಲ್ ಆಗುವಾಗ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ, ಓದುವ ದನಿ ತೊದಲುತ್ತದೆ. ಅದಕ್ಕೇ ದನಿಯನ್ನು ಮುಚ್ಚಿ ನನ್ನನ್ನು ಕೂರಿಸಿಕೊಳ್ಳುತ್ತಿದ್ದ. ‘ಈಗ ನೀನೇ ದನಿ’ ಎನ್ನುತ್ತಿದ್ದ.

ಚನ್ನರಾಯಪಟ್ಟಣದ ವಿಷಯ ಬಂದದ್ದು ಹಿರೀಸಾವೆ ಕಡೆಯ ಒಬ್ಬ ಹುಡುಗಿಯಿಂದ. ಅವಳಿಗೂ ಕಣ್ಣಿಲ್ಲ. ತಮ್ಮನ ಹತ್ತಿರವೇ ಕಂಪ್ಯೂಟರ್ ಕಲಿತವಳು, ಅವನಿಗಿಂತ ಬಾಯಿ ಜೋರು. ಅಲ್ಲಿ ತೆಂಗಿನ ನಾರಿನ ವ್ಯಾಪಾರ ಮಾಡುವ ಕಚೇರಿಯೊಂದರಲ್ಲಿ ಪತ್ರ ಓದಿ ಉತ್ತರ ಟೈಪ್ ಮಾಡಲು ಒಬ್ಬರು ಬೇಕಿದ್ದರು. ಅವಳೇ ಹೋಗಿ ಕೇಳಿದ್ದಳು. ಕಣ್ಣು ಕಾಣದವರು ಹೇಗೆ ಓದುತ್ತಾರೆ ಎಂದು ಮ್ಯಾನೇಜರಿಗೆ ಅನುಮಾನ. ‘ನಿಮ್ಮ ಕಂಪ್ಯೂಟರಲ್ಲೇ ಓದಿ ತೋರುಸ್ತೀನಿ ಸಾ, ಒಂದು ದಿನ ಕೊಡಿ’ ಎಂದು ದಿನ ಗೊತ್ತು ಮಾಡಿಕೊಂಡು ಬಂದಿದ್ದಳು. ಆ ಕಚೇರಿಯಲ್ಲಿದ್ದದ್ದು ಹಳೆಯ ಕಂಪ್ಯೂಟರ್.

‘ಅಣ್ಣ, ನಿಮ್ಮ ದನಿ ನಂಬ್ಕಂಡು ಮಾತು ಕೊಟ್ಬುಟ್ಟಿದ್ದೀನಿ’ ಎಂದು ಫೋನಿನಲ್ಲಿ ಹೇಳಿದಳು. ‘ಅಲ್ಲಿ ಅದು ಕೈ ಕೊಟ್ರೆ ನಿಮ್ಮನೇಲೇ ಬಂದು ಕೂತ್ಕತೀನಿ, ಊಟ ಹಾಕ್ಬೇಕು.’

‘ಅಕ್ಕ ಮಾಡೋ ಸಾರು ಉಣ್ಣೋ ಧೈರ್ಯ ಇದ್ರೆ ಬಾ’ ಎಂದ ತಮ್ಮ.

ಹಳೆಯ ಯಂತ್ರದ ಪೊಟ್ಟಣ ಕಟ್ಟಲು ಕೂತದ್ದು ಒಂದು ಮಧ್ಯಾಹ್ನ. ಆ ದಿನಗಳಲ್ಲಿ ನಾನು ಸ್ಕೂಟರ್ ಕಲಿಯುತ್ತಿದ್ದೆ. ನಮ್ಮ ಬೀದಿಯ ಗೆಳತಿಯೊಬ್ಬಳು ಸಂಜೆಗೆ ಮುಂಚೆ ತನ್ನ ಸ್ಕೂಟರ್ ತಂದು ಸಾಲಗಾಮೆ ರಸ್ತೆಯ ಪಕ್ಕದ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಹಿಂದಿನ ದಿನ ಮೊದಲ ಬಾರಿಗೆ ಅವಳು ಹಿಡಿದುಕೊಳ್ಳದೆ ಬಯಲನ್ನು ಸುತ್ತಿದ್ದೆ. ರಾತ್ರಿಯೆಲ್ಲ ಕನಸಿನಲ್ಲೂ ಓಡಿಸುತ್ತಿದ್ದೆ. ಅಂಗೈಯಲ್ಲಿ ಇನ್ನೂ ಸ್ಕೂಟರಿನ ಹಿಡಿಯ ಅದುರು ಇತ್ತು.

ಸಾಲುಗಳು ಹತ್ತುತ್ತಿದ್ದವು. ಹೂಂ. ಹೂಂ. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಒಮ್ಮೊಮ್ಮೆ ಎಷ್ಟು ಹೊತ್ತು ಎಂದರೆ, ಒಂದು ಗುಂಡಿಯ ಕಾಜ ಹೊಲಿದು ಮುಗಿಸಬಹುದು. ನನ್ನ ಮೊಣಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು.

‘ಅಕ್ಕ, ಮೇಜು ಅಲ್ಲಾಡ್ತಾ ಐತೆ’ ಎಂದ ತಮ್ಮ.

‘ಭೂಮಿನೇ ಅಲ್ಲಾಡ್ತಿರ್ಬೇಕು.’

‘ನಿಂಗೆ ಬ್ಯಾಸರ ಆಗಿದ್ರೆ ನಾಳೆ ಮಾಡಾನ.’

‘ಇಲ್ಲ ಬಿಡು, ಹೂಂ.’

ಬೀದಿಯಲ್ಲಿ ಹಾರನ್ ಆಯಿತು. ಗೆಳತಿಯದೇ. ಎರಡು ಸಲ ಚಿಕ್ಕದು, ಒಂದು ಸಲ ಉದ್ದ. ನಾನು ಕಿಟಕಿಯ ಕಡೆ ತಿರುಗಿ ಮತ್ತೆ ಪರದೆಗೆ ತಿರುಗಿದಾಗ ನೇರಳೆ ಬಣ್ಣ ಇತ್ತು. ಒಂದು ಉದ್ದನೆಯ ಸಾಲು, ಅದರ ಕೆಳಗೆ ಚಿಕ್ಕ ಬಾಣದ ಗುರುತು. ಅದು ನನಗೆ ಚೆನ್ನಾಗಿ ಕಂಡಿತು. ಕಾಣಲಿಲ್ಲ ಎಂದು ಹೇಳಿದರೆ ಅದು ಮತ್ತೊಂದು ಸುಳ್ಳು. ನಿಲ್ಸು ಎಂದರೆ ಆ ಸಾಲನ್ನು ಅಕ್ಷರ ಅಕ್ಷರವಾಗಿ ಹೇಳಬೇಕು. ಅವನು ಅದು ಯಾವ ಕಡತದಲ್ಲಿದೆ ಎಂದು ಹುಡುಕಬೇಕು, ತಿದ್ದಬೇಕು, ಮತ್ತೆ ಮೊದಲಿನಿಂದ ಶುರು. ಕೆಂಪಾಗಿದ್ದರೆ ಕೆಲಸ ತಾನೇ ನಿಂತುಹೋಗುತ್ತದೆ, ನೇರಳೆ ಬರೀ ಎಚ್ಚರಿಕೆ, ಅದಕ್ಕೆ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಂತ್ರವೇ ನಿಲ್ಲದೆ ಮುಂದೆ ಹೋಗುತ್ತಿದೆಯಲ್ಲ, ನನ್ನದೇನು ಎಂದುಕೊಂಡೆ.

‘ಹೂಂ’ ಎಂದೆ.

ಆ ಸಾಲು ಮೇಲೆ ಹತ್ತಿ ಹೋಯಿತು. ಕೊನೆಯ ಸಾಲು ಬಂದ ಮೇಲೆ ತಮ್ಮ ನನ್ನ ಕಡೆ ಮುಖ ಮಾಡಿ, ‘ಬಣ್ಣ ಏನೂ ಬರಲಿಲ್ಲ ಅಲ್ವಾ’ ಎಂದ. ‘ಎಲ್ಲ ಬಿಳಿ’ ಎನ್ನುತ್ತಾ ನಾನು ಚಪ್ಪಲಿ ಮೆಟ್ಟುತ್ತಿದ್ದೆ.

ಚನ್ನರಾಯಪಟ್ಟಣದ ಆ ಕಚೇರಿಗೆ ನಾವು ಮೂವರೂ ಹೋದೆವು. ಬಸ್ ನಿಲ್ದಾಣದಲ್ಲಿ ಹುಡುಗಿ ಮೊದಲೇ ಬಂದು ಕಾಯುತ್ತಿದ್ದಳು, ಇಸ್ತ್ರಿ ಮಾಡಿದ ಚೂಡಿದಾರ್, ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ. ‘ಬೊಟ್ಟು ಸರಿಯಾಗಿ ನಡುವ್ಗೈತಾ ನೋಡಕ್ಕ’ ಎಂದು ನನ್ನ ಮುಂದೆ ಮುಖ ಹಿಡಿದಳು. ಸ್ವಲ್ಪ ಓರೆಯಾಗಿತ್ತು. ನಾನು ಸರಿ ಮಾಡಿದೆ.

ತಮ್ಮ ಕಚೇರಿಯ ಕಂಪ್ಯೂಟರಿಗೆ ಪೊಟ್ಟಣ ಹಾಕಿದ. ದನಿ ಎದ್ದಿತು. ಮ್ಯಾನೇಜರ್ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಲಾರಿಯವರೊಬ್ಬರು ಬಂದ ಕೆಲಸ ಮರೆತು ಬಾಗಿಲಲ್ಲೇ ನಿಂತರು. ಹುಡುಗಿ ಮೊದಲು ಒಂದು ಚಿಕ್ಕ ಪತ್ರ ತೆರೆದಳು, ನಾಲ್ಕಾರು ಸಾಲಿನದು. ದನಿ ಸ್ಪಷ್ಟವಾಗಿ ಓದಿತು. ಅವಳು ಉತ್ತರ ಟೈಪ್ ಮಾಡಿದಳು.

‘ಪರವಾಗಿಲ್ವೇ’ ಎಂದರು ಮ್ಯಾನೇಜರ್. ‘ಇದು ನಿನ್ನೆ ಬಂದಿದ್ದು, ಸ್ವಲ್ಪ ಉದ್ದ ಐತೆ. ಇದನ್ನ ಓದ್ಸಮ್ಮ.’

ಉದ್ದದ ಪತ್ರ ಅರ್ಧ ದಾರಿಯವರೆಗೆ ಹೋಯಿತು. ಆಮೇಲೆ ದನಿ ಗರ್ರ್ ಎಂದಿತು, ನಿಂತೇ ಹೋಯಿತು. ಹುಡುಗಿ ಕೀಲಿ ಒತ್ತಿದಳು. ಏನೂ ಇಲ್ಲ. ತಮ್ಮ ಅವಳ ಪಕ್ಕಕ್ಕೆ ಬಂದು ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದ. ಮತ್ತೆ ಅದೇ ಪತ್ರ, ಅದೇ ಜಾಗ, ಅದೇ ಮೌನ. ದನಿ ಇಲ್ಲದ ಕಂಪ್ಯೂಟರಿನ ಮುಂದೆ ಆ ಇಬ್ಬರೂ ಕೂತಿದ್ದರು. ಪರದೆಯ ತುಂಬ ಕನ್ನಡ ಅಕ್ಷರ ಇತ್ತು. ಆ ಕೋಣೆಯಲ್ಲಿ ಅದನ್ನು ಓದಬಲ್ಲವರೆಲ್ಲ ಸುಮ್ಮನೆ ನೋಡುತ್ತಿದ್ದೆವು.

ಮ್ಯಾನೇಜರ್ ಕೆಟ್ಟವರಲ್ಲ. ‘ಆಯ್ತು ಬಿಡಮ್ಮ, ಟೀ ಕುಡ್ದು ಓಗಿ. ನೋಡಾನ’ ಎಂದರು. ನೋಡಾನ ಎಂದರೆ ಏನೆಂದು ನಮಗೆಲ್ಲ ಗೊತ್ತಿತ್ತು. ಟೀ ಬಂತು. ಹುಡುಗಿ ಲೋಟ ಮುಟ್ಟಲಿಲ್ಲ. ಹೊರಗೆ ಬಂದ ಮೇಲೆ ತಮ್ಮ ಅವಳಿಗೆ, ‘ನನ್ನ ತಪ್ಪು. ಎಲ್ಲೋ ತಪ್ಪು ಬರ್ದಿದ್ದೀನಿ. ನಿಂದೇನಿಲ್ಲ’ ಎಂದ. ಅವಳು, ‘ಹಂಗಾದ್ರೆ ಊಟಕ್ಕೆ ಬತ್ತೀನಿ, ಇರ್ಲಿ’ ಎಂದು ನಗಲು ನೋಡಿದಳು. ಹಿರೀಸಾವೆ ಕಡೆಯ ಬಸ್ಸು ಬಂದಾಗ ನಾನು ಅವಳ ಕೈ ಹಿಡಿದು ಹತ್ತಿಸಿದೆ.

ಹಾಸನಕ್ಕೆ ಬರುವ ದಾರಿಯುದ್ದಕ್ಕೂ ತಮ್ಮ ಬಾಯಲ್ಲೇ ಏನೋ ಗುಣುಗುಟ್ಟುತ್ತಿದ್ದ. ನನಗೆ ಸೀಟಿನಲ್ಲಿ ಕೂರಲು ಆಗಲಿಲ್ಲ. ಶಾಂತಿಗ್ರಾಮ ಬರುವ ಮೊದಲೇ ಎದ್ದು ಬಾಗಿಲ ಬಳಿ ಬಂದು ನಿಂತೆ. ‘ಕೂತ್ಕಳಮ್ಮ, ಇನ್ನೂ ದೂರ ಐತೆ’ ಎಂದ ಕಂಡಕ್ಟರ್.

ಅವತ್ತೇ ಹೇಳಬಹುದಿತ್ತು. ಬಸ್ಸಿನಲ್ಲೇ ಹೇಳಬಹುದಿತ್ತು. ಹೂಂ ಎಂದದ್ದು ಒಂದು ಗಳಿಗೆಯ ಕೆಲಸ, ಕಾಲು ನಿಲ್ಲದವಳು ಮಾಡಿದ ಕೆಲಸ. ನಾನು ಇಲ್ಲಿ ಬರೆಯಲೇಬೇಕಾದದ್ದು ಅದಾದ ಮೇಲಿನದು.

ಮರುದಿನದಿಂದ ತಮ್ಮ ತನ್ನ ಬರಹವನ್ನೆಲ್ಲ ಮೊದಲಿನಿಂದ ಕೇಳಿಸಿಕೊಳ್ಳತೊಡಗಿದ. ದನಿ ಓದುತ್ತಿತ್ತು, ಅವನು ತಲೆ ಬಗ್ಗಿಸಿ ಕೇಳುತ್ತಿದ್ದ, ನಿಲ್ಲಿಸುತ್ತಿದ್ದ, ಮತ್ತೆ ಹಿಂದಕ್ಕೆ ಹೋಗುತ್ತಿದ್ದ. ಪಕ್ಕದ ಕೋಣೆಯಲ್ಲಿ ನಾನು ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ಆ ದನಿ ಕೇಳದಿರಲಿ ಎಂದು ಜೋರಾಗಿ ತುಳಿದು ಒಂದು ತೋಳನ್ನು ತಿರುಗುಮುರುಗು ಹೊಲಿದೆ. ಅವನು ಹುಡುಕಬೇಕಿಲ್ಲದ ಕಡೆಯೆಲ್ಲ ಹುಡುಕುತ್ತಿದ್ದ. ಇಳಿಸುವ ಕೆಲಸ ಸರಿಯಾಗಿದೆ ಎಂದು ನಂಬಿದ್ದರಿಂದ ಅಲ್ಲಿಗೆ ಕೈ ಹಾಕಲೇ ಇಲ್ಲ. ಅವನನ್ನು ದಾರಿ ತಪ್ಪಿಸಿದ್ದು ಆ ನಂಬಿಕೆ.

ಒಂದು ಸಲ, ಒಂದೇ ಸಲ, ಅವನು ಕೇಳಿದ. ಅಮ್ಮ ಹಿತ್ತಲಲ್ಲಿ ಇದ್ದಳು. ನಾನು ಅವನಿಗೆ ಕಾಫಿ ಕೊಡುತ್ತಿದ್ದೆ.

‘ಅಕ್ಕ, ಅವತ್ತು ನೇರಳೆ ಯಾವ್ದೂ ಬಂದಿರ್ಲಿಲ್ಲ ಅಲ್ವಾ?’

ಕಾಫಿ ಲೋಟ ಇಬ್ಬರ ಕೈಯಲ್ಲೂ ಇತ್ತು. ನಾನು ಬಿಟ್ಟಿರಲಿಲ್ಲ, ಅವನು ಹಿಡಿದಿದ್ದ.

‘ಇಲ್ಲ ಕಣೋ’ ಎಂದೆ. ‘ಬಂದಿದ್ರೆ ಯೋಳ್ತಿರ್ಲಿಲ್ವಾ?’

ಅವನು ಹೂಂ ಎಂದ. ನನ್ನ ಹಾಗೆಯೇ ಎಂದ.

ಆ ವಾರ ಅವನು ಅರಕಲಗೂಡಿನವರಿಗೂ ಹೊಳೆನರಸೀಪುರದವರಿಗೂ ಫೋನ್ ಮಾಡಿ, ತಾನು ಕೊಟ್ಟದ್ದನ್ನು ತೆಗೆದುಹಾಕಿ ಎಂದು ಹೇಳಿದ. ‘ನಂದು ಚೆನ್ನಾಗೇ ಓದ್ತೈತಲ್ಲ ಸಾ’ ಎಂದು ಯಾರೋ ಅಂದದ್ದು ನನಗೂ ಕೇಳಿಸಿತು. ‘ಎಲ್ಲಿ ತಪ್ಪೈತೆ ಅಂತ ನನಗೇ ಗೊತ್ತಿಲ್ಲ. ಗೊತ್ತಿಲ್ದೆ ಇರೋದ್ನ ಹೆಂಗೆ ಕೊಡ್ಲಿ’ ಎಂದ. ಹಳ್ಳಿಮೈಸೂರಿನ ಒಬ್ಬ ಮುದುಕರು ತಮ್ಮನ ದನಿಯಲ್ಲೇ ದಿನಾ ಪತ್ರಿಕೆ ಕೇಳುತ್ತಿದ್ದರು. ಅವರು ತೆಗೆಯುವುದಿಲ್ಲ ಎಂದು ಹಟ ಹಿಡಿದರು. ಅವರ ಜೊತೆ ತಮ್ಮ ನಗುನಗುತ್ತಲೇ ಮಾತಾಡಿದ. ಫೋನ್ ಇಟ್ಟ ಮೇಲೆ ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ.

ನಾನು ಆ ದಿನಗಳಲ್ಲಿ ಮನೆಯಲ್ಲಿ ನಿಲ್ಲಲಿಲ್ಲ. ಗುಂಡಿ ತರುತ್ತೇನೆ ಎಂದು ಪೇಟೆಗೆ ಹೋಗುತ್ತಿದ್ದೆ, ಗುಂಡಿ ತರದೆ ಬರುತ್ತಿದ್ದೆ. ಸ್ಕೂಟರ್ ಓಡಿಸಲು ಮಾತ್ರ ಹೋಗಲಿಲ್ಲ. ಗೆಳತಿಯ ಹಾರನ್ ಕೇಳಿದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ‘ಅಕ್ಕ ತಮ್ಮ ಇಬ್ರಿಗೂ ಏನಾಗೈತೆ, ಒಬ್ಬ ಕೂತೋನು ಏಳಾಕಿಲ್ಲ, ಒಬ್ಬಳು ಕೂರಾಕಿಲ್ಲ’ ಎಂದಳು ಅಮ್ಮ.

ಕೊನೆಗೆ ಒಂದು ಬೆಳಗ್ಗೆ ತಮ್ಮ ಕರೆದ. ‘ಕಟ್ಟಿದ್ನೆಲ್ಲ ಅಳಿಸ್ಬುಟ್ಟು ಮೊದ್ಲಿಂದ ಒಂದ್ಸಲ ಇಳಿಸ್ತೀನಿ. ಇದ್ರಲ್ಲೂ ಏನೂ ಸಿಗದಿದ್ರೆ ಸಾಕು, ಬಿಟ್ಬುಡ್ತೀನಿ. ಬಾ, ಕೂತ್ಕ.’

ಕೂತೆ. ಅವನು ದನಿಯನ್ನು ಮುಚ್ಚಿದ. ಸಾಲುಗಳು ಹತ್ತತೊಡಗಿದವು. ಹೂಂ. ಹೂಂ. ಬರೆದದ್ದರಲ್ಲಿ ಏನೂ ಬದಲಾಗಿಲ್ಲ, ಹಾಗಾಗಿ ಆ ಸಾಲು ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಎಲ್ಲಿ ಬರುತ್ತದೆ ಎಂಬುದು ನೆನಪಿರಲಿಲ್ಲ. ಪ್ರತಿ ಬಿಳಿ ಸಾಲನ್ನೂ ಎರಡೆರಡು ಸಲ ನೋಡುತ್ತಿದ್ದೆ. ಮತ್ತೆ ಹೂಂ ಎಂದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅವನು ಇದನ್ನೆಲ್ಲ ಬಿಟ್ಟುಬಿಡುತ್ತಾನೆ, ನಾನು ಬಚಾವಾಗುತ್ತೇನೆ. ಅಂಥದ್ದೂ ನನ್ನ ತಲೆಯಲ್ಲಿ ಹಾದುಹೋಯಿತು.

ಬಂತು. ಅದೇ ನೇರಳೆ, ಅದೇ ಬಾಣದ ಗುರುತು.

ನನ್ನ ಬಾಯಿಂದ ಹೂಂ ಬರಲಿಲ್ಲ, ನಿಲ್ಸು ಎಂದೂ ಬರಲಿಲ್ಲ. ಅವನು ಕಾದ. ಆಮೇಲೆ ಕೀಲಿ ಒತ್ತಿ ತಾನೇ ನಿಲ್ಲಿಸಿದ.

‘ಅಕ್ಕ?’

‘ಡಬ್ಲ್ಯು’ ಎಂದೆ. ‘ಎ. ಆರ್. ಎನ್.’ ಪೂರ್ತಿ ಹೇಳಿದೆ. ಬಾಣ ಯಾವ ಅಕ್ಷರದ ಕೆಳಗಿದೆ ಎಂದೂ ಹೇಳಿದೆ. ಅವನ ತುಟಿ ನನ್ನ ಜೊತೆ ಆಡುತ್ತಿತ್ತು. ಮುಗಿಯುವ ಮೊದಲೇ ಅವನಿಗೆ ತಿಳಿದುಹೋಗಿತ್ತು. ದೊಡ್ಡ ಲೆಕ್ಕವೊಂದನ್ನು ಚಿಕ್ಕ ಜಾಗದಲ್ಲಿ ಇಟ್ಟಿದ್ದ. ಹೊಸ ಯಂತ್ರದಲ್ಲಿ ಆ ಜಾಗ ಅಗಲ, ಹಿಡಿಸುತ್ತದೆ. ಹಳೆಯದರಲ್ಲಿ ಪತ್ರ ಚಿಕ್ಕದಿದ್ದರೆ ಸಾಲುತ್ತದೆ, ಉದ್ದವಾದರೆ ಉಕ್ಕಿ ಹೋಗುತ್ತದೆ. ಬಿಗಿ ಕಂಕುಳಿಗೆ ತೋಳು ಸೇರಿಸಿದ ಹಾಗೆ. ಹೊಲಿಗೆ ಕೂರುತ್ತದೆ, ಕೈ ಎತ್ತಿದಾಗ ಬಿಚ್ಚಿಕೊಳ್ಳುತ್ತದೆ.

‘ಇದು ಅವತ್ತೂ ಬಂದಿತ್ತಾ’ ಎಂದು ಕೇಳಿದ. ದನಿ ಏರಿಸಲಿಲ್ಲ.

‘ಬಂದಿತ್ತು.’

‘ನೋಡಿದ್ದೆಯಾ?’

‘ನೋಡಿದ್ದೆ. ಸ್ಕೂಟರ್ ಬಂದಿತ್ತು.’

‘ನಾನು ಕೇಳ್ದಾಗ?’

ಅವನು ಕೇಳಿದಾಗ ಸುಳ್ಳು ಹೇಳಿದ್ದು ಹೆದರಿಕೆಯಿಂದ ಎಂದು ಬರೆಯಬಹುದು. ಆದರೆ ಯಾರ ಹೆದರಿಕೆ? ಅವನು ಯಾವತ್ತೂ ನನ್ನನ್ನು ಗದರಿದವನಲ್ಲ. ಅವನ ಕಣ್ಣು ನಾನು ಎಂದು ಊರೆಲ್ಲ ಹೇಳುತ್ತಿತ್ತು. ಆ ಮಾತಿನ ಮೇಲೆ ಅಷ್ಟು ವರ್ಷ ಕೂತಿದ್ದವಳಿಗೆ ಕೆಳಗಿಳಿಯಲು ಆಗಲಿಲ್ಲವೇನೋ.

ಅವನು ಕೀಲಿಗಳ ಮೇಲಿನಿಂದ ಬೆರಳು ತೆಗೆದ. ಆಮೇಲೆ, ‘ನನ್ನ ತಪ್ಪು ಅಂತ ಅವ್ಳಿಗೆ ಯೋಳಿದ್ದೀನಿ. ನೀನೋಗಿ ಯೋಳ್ಬುಟ್ಟು ಬಾ’ ಎಂದ.

ತಿದ್ದಿದ ಪೊಟ್ಟಣ ತೆಗೆದುಕೊಂಡು ಹಿರೀಸಾವೆಗೆ ಒಬ್ಬಳೇ ಹೋದೆ. ಹೆದ್ದಾರಿಯ ಹೋಟೆಲಿನ ಪಕ್ಕ ಇಳಿದು ಅವಳ ಊರಿಗೆ ಆಟೊ ಹಿಡಿದೆ. ಹುಡುಗಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ‘ಅಣ್ಣ ಬರ್ನಿಲ್ವಾ’ ಎಂದಳು. ಇಲ್ಲ ಎಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಸ್ಕೂಟರನ್ನೂ ಹೇಳಿದೆ, ಕಾಫಿ ಲೋಟವನ್ನೂ ಹೇಳಿದೆ.

ಅವಳ ಕೈ ಸುಲಿಯುವುದನ್ನು ನಿಲ್ಲಿಸಲಿಲ್ಲ. ‘ಆ ಕೆಲ್ಸಕ್ಕೆ ಬ್ಯಾರೆಯೋರು ಬಂದಾಯ್ತಕ್ಕ’ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ‘ನಿಮ್ಮ ತಮ್ಮ ದಿನಾ ಫೋನ್ ಮಾಡಿ ತಪ್ಪಾಯ್ತು ತಪ್ಪಾಯ್ತು ಅಂತಿದ್ರು. ಸಾಕು ಬುಡಣ್ಣ ಅಂತ ನಾನೇ ಸಮಾಧಾನ ಮಾಡ್ತಿದ್ದೆ. ಅದೆಲ್ಲ ನೀವು ಪಕ್ಕದಲ್ಲೇ ಇದ್ದು ಕೇಳಿಸ್ಕತಿದ್ರಾ?’ ಎಂದಳು.

‘ಕೇಳಿಸ್ಕತಿದ್ದೆ.’

‘ಬಲೇ ಅಕ್ಕ ನೀವು.’

ಕೂತ್ಕಳಿ ಎಂದು ಅವಳು ಹೇಳಲಿಲ್ಲ. ಪೊಟ್ಟಣ ತೆಗೆದುಕೊಂಡಳು. ಬೇರೆ ಕಡೆ ಕೆಲಸ ಕೇಳುತ್ತಿದ್ದೇನೆ, ಈ ಸಲ ಉದ್ದದ ಪತ್ರವನ್ನೇ ಮೊದಲು ಓದಿಸಿ ನೋಡುತ್ತೇನೆ ಎಂದಳು. ನಾನು ಆಟೊ ಸಿಗದೆ ಹೆದ್ದಾರಿಯವರೆಗೂ ನಡೆದೆ.

ತಮ್ಮ ಈಗ ಮತ್ತೆ ಪೊಟ್ಟಣ ಕಟ್ಟುತ್ತಾನೆ. ಅರಕಲಗೂಡಿನವರೂ ಹೊಳೆನರಸೀಪುರದವರೂ ಮತ್ತೆ ಹಾಕಿಕೊಂಡಿದ್ದಾರೆ. ಹಳ್ಳಿಮೈಸೂರಿನ ಮುದುಕರು ತೆಗೆದೇ ಇರಲಿಲ್ಲವಂತೆ. ನಾನೇ ಹೋಗಿ, ಕೂರಲಾ ಎಂದು ಕೇಳಿದೆ. ‘ಕೂತ್ಕ’ ಎಂದ. ‘ಆದ್ರೆ ಇನ್ಮುಂದೆ ಹೂಂ ಅನ್ಬೇಡ. ಬಿಳಿ ಇರ್ಲಿ, ಯಾವ್ದೇ ಇರ್ಲಿ, ಓದು.’

ಹಾಗಾಗಿ ಈಗ ಪ್ರತಿ ಸಾಲನ್ನೂ ಓದುತ್ತೇನೆ. ಒಂದೊಂದೇ ಅಕ್ಷರ. ಮೊಣಕಾಲು ಕುಣಿಯುತ್ತದೆ, ಅದರ ಮೇಲೆ ಕೈ ಒತ್ತಿಕೊಂಡು ಓದುತ್ತೇನೆ. ಕೆಲವು ಪದಗಳು ಈಗ ಪದಗಳಾಗಿಯೇ ಕಾಣುತ್ತವೆ. ಮುಗಿದ ಮೇಲೆ ಅವನು ‘ಸರಿ’ ಎನ್ನುತ್ತಾನೆ, ನಾನು ಎದ್ದು ಪಕ್ಕದ ಕೋಣೆಗೆ ಬಂದು ಹೊಲಿಗೆಗೆ ಕೂರುತ್ತೇನೆ.

ಅಷ್ಟರಲ್ಲಿ ಅವನ ಕೋಣೆಯಿಂದ ದನಿ ಏಳುತ್ತದೆ. ಪರದೆಯ ಮೇಲೆ ಹರಿದುಹೋದ ಸಾಲುಗಳನ್ನೆಲ್ಲ ಅವನು ಈಗ ಒಂದು ಕಡತದಲ್ಲಿ ಹಿಡಿದಿಟ್ಟುಕೊಳ್ಳುತ್ತಾನೆ. ಹಾಗೆ ಮಾಡಬಹುದೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ಮತ್ತೆ ಯಾಕೆ ಮಾಡಲಿಲ್ಲ ಎಂದು ಕೇಳಿದ್ದಕ್ಕೆ, ‘ನೀನಿದ್ದೆಯಲ್ಲ’ ಎಂದಿದ್ದ. ನಾನು ಆಗಷ್ಟೇ ಓದಿ ಬಂದ ಸಾಲುಗಳನ್ನು ಆ ದನಿ ಮೊದಲಿನಿಂದ ಓದುತ್ತದೆ, ಅವನು ಕೇಳುತ್ತಾನೆ. ನಾನು ಹೊಲಿಗೆ ಯಂತ್ರದಿಂದ ಕಾಲು ತೆಗೆದು, ಸದ್ದು ಮಾಡದೆ, ಕೊನೆಯ ಸಾಲಿನವರೆಗೂ ಕೂತಿರುತ್ತೇನೆ.